ಮೈಲುತುತ್ತ, ಸುಣ್ಣ ಮತ್ತು ಕೋಲ್ಮನ್ ಸಾಹೇಬರು

ಅಡಿಕೆ ತೋಟ ಇರುವ ಮನೆಯಿಂದ ಬಂದ ಗೆಳೆಯರಿಗೆ ಬೋರ್ಡೋ ದ್ರಾವಣದ ಬಗ್ಗೆ ಪಾಠ ಮಾಡಬೇಕಾಗಿಲ್ಲ. ಮೈಲುತುತ್ತ ಒಂದು ಕಡೆ, ಸುಣ್ಣ ಇನ್ನೊಂದು ಕಡೆ ನೀರಲ್ಲಿ ಕದಡಿ, ಎರಡನ್ನೂ ಬೆರೆಸಿ, ಆ ತಿಳಿ ನೀಲಿ ಮದ್ದನ್ನು ಗೊನೆಗಳಿಗೆ ಹೊಡೆಯೋದು ಮಲೆನಾಡಿನಲ್ಲಂತೂ ಪ್ರತಿ ಮುಂಗಾರಿನ ಕೆಲಸ. ಇದನ್ನು ನಮ್ಮ ಅಡಿಕೆ ಮರಕ್ಕೆ ಹೊಂದಿಸಿಕೊಟ್ಟವರು ಯಾರು ಅಂತ ಕೇಳಿದರೆ ಮಾತ್ರ ನಮ್ಮಲ್ಲಿ ಬಹಳ ಜನ ತಲೆ ಕೆರೆದುಕೊಳ್ತೀವಿ. ಅವರ ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಕೃಷಿ ಓದಿದವರಿಗೆ ಇದು ದೊಡ್ಡ ಹೆಸರು. ಎಂಜಿನಿಯರಿಂಗ್ ಓದುವ ನಮಗೂ ಪರಿಚಯ ಇರಬೇಕಾದ ಹೆಸರು. ಯಾಕಂದ್ರೆ ಲ್ಯಾಬಿನಲ್ಲಿ ಉತ್ತರ ಸಿಕ್ಕ ಮೇಲೂ ಅರ್ಧ ಕೆಲಸ ಬಾಕಿ ಇರುತ್ತೆ ಅನ್ನೋದನ್ನು ಇವರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಕಮ್ಮಿ.

ಕೆನಡಾದಿಂದ ಮೈಸೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ಹೆಚ್ಚಿನ ಓದಿಗೆ ಜರ್ಮನಿಯ ಗಟಿಂಗೆನ್‌ಗೆ ಹೋದರು. ಅಲ್ಲಿ ಅವರು ಹಿಡಿದ ವಿಷಯ ಮಣ್ಣಿನ ಬ್ಯಾಕ್ಟೀರಿಯಾಗಳು: ಅಮೋನಿಯಾ ನೈಟ್ರೇಟ್ ಆಗಿ ಬದಲಾಗುವ ನೈಟ್ರಿಫಿಕೇಶನ್ ಕ್ರಿಯೆ. ಆ ಕಾಲಕ್ಕೆ ಜೀವಶಾಸ್ತ್ರವೂ ರಸಾಯನಶಾಸ್ತ್ರವೂ ಕೂಡುವ ಹೊಸ ಜಾಗ ಅದು.

1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಕರೆಸಿಕೊಂಡಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಡಾ. ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಇಲ್ಲಿಗೆ ಬಂದಿದ್ದರು. 1899ರಲ್ಲಿ ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು ಪ್ರಯೋಗ ಕ್ಷೇತ್ರ ಶುರುವಾಗಿತ್ತು. ಹಿರಿಯೂರಿನವರೇ, ಈ ಹೆಸರು ನಿಮಗೆ ಗೊತ್ತೇ ಇದೆ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿ ವಿಲಾಸ ಸಾಗರಕ್ಕೆ ಇಟ್ಟಿರೋದು ಇದೇ ತಾಯಿಯ ಹೆಸರು. ಆ ಅಣೆಕಟ್ಟು ಮುಗಿದದ್ದು 1907ರಲ್ಲಿ, ಕೋಲ್ಮನ್ ಬರುವ ಹಿಂದಿನ ವರ್ಷ.

ಕೊಳೆರೋಗದ ಬೆನ್ನು ಹತ್ತಿ

ಬಂದ ಹೊಸದರಲ್ಲೇ ಎದುರಾದ ದೊಡ್ಡ ಸಮಸ್ಯೆ ಮಲೆನಾಡಿನ ಅಡಿಕೆಯ ಕೊಳೆರೋಗ. ಮಳೆಗಾಲದಲ್ಲಿ ಎಳೆಕಾಯಿಯ ಮೇಲೆ ನೀರಲ್ಲಿ ನೆಂದಂಥ ಕಲೆ ಕಾಣಿಸಿಕೊಳ್ಳುತ್ತೆ, ಮೇಲೆ ಬಿಳಿ ಬೂಷ್ಟು ಬರುತ್ತೆ, ಆಮೇಲೆ ಕಾಯಿ ಕೊಳೆತು ಉದುರುತ್ತೆ. ರೋಗ ಸುಳಿಗೆ ಹತ್ತಿದರೆ ಮರವೇ ಹೋಗುತ್ತೆ. ರೈತರು ಸುಮ್ಮನೆ ಕೂತಿರಲಿಲ್ಲ. ಮಳೆ ಹಿಡಿಯುವ ಮೊದಲು ಮರ ಹತ್ತಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಗೊನೆಗೆ ನೀರು ಬೀಳದಿದ್ದರೆ ಕೊಳೆ ಬರಲ್ಲ ಅನ್ನೋದು ಅವರಿಗೆ ಅನುಭವದಿಂದ ಗೊತ್ತಿತ್ತು. ಆದರೆ ಸಾವಿರಾರು ಮರಕ್ಕೆ ಕೊಟ್ಟೆ ಕಟ್ಟೋದು ಎಷ್ಟು ಆಳು, ಎಷ್ಟು ಖರ್ಚು ಅಂತ ಯೋಚನೆ ಮಾಡಿ.

ಕೋಲ್ಮನ್ ರೋಗಕಾರಕವನ್ನು ಫೈಟಾಫ್ತೊರ ಕುಲಕ್ಕೆ ಸೇರಿದ್ದು ಅಂತ ಗುರುತಿಸಿ, 1910ರಲ್ಲಿ ಕೊಳೆರೋಗದ ಮೇಲೆ ವಿವರವಾದ ಬುಲೆಟಿನ್ ಹೊರತಂದರು. ಈ ಜೀವಿಯ ಬೀಜಾಣುಗಳು ನೀರಿನ ತೆಳು ಪದರದಲ್ಲಿ ಈಜಬಲ್ಲವು. ಮಳೆಹನಿ ಸಿಡಿದಂತೆ ಗೊನೆಯಿಂದ ಗೊನೆಗೆ ಹರಡುತ್ತವೆ. ಅಂದರೆ ಕೊಟ್ಟೆ ಕಟ್ಟುವ ರೈತರ ತರ್ಕ ಸರಿಯಾಗೇ ಇತ್ತು. ಅದೇ ಕೆಲಸವನ್ನು ಕಮ್ಮಿ ಖರ್ಚಿನಲ್ಲಿ ಮಾಡುವ ದಾರಿ ಬೇಕಿತ್ತು.

ದಾರಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಸಿದ್ಧವಾಗಿತ್ತು. 1880ರ ದಶಕದಲ್ಲಿ ಬೋರ್ಡೋ ಊರಿನ ಮಿಲಾರ್ಡೆ ಎಂಬ ವಿಜ್ಞಾನಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ದ್ರಾಕ್ಷಿಯ ರೋಗಕ್ಕೆ ಬಳಸಿ ತೋರಿಸಿದ್ದರು. ಕೆಮಿಸ್ಟ್ರಿ ಸರಳ. ತಾಮ್ರದ ಸಲ್ಫೇಟಿಗೆ ಸುಣ್ಣದ ನೀರು ಸೇರಿದಾಗ ನೀರಲ್ಲಿ ಸುಲಭವಾಗಿ ಕರಗದ ತಾಮ್ರದ ಸಂಯುಕ್ತ ಲೋಳೆಯ ಹಾಗೆ ಕೂಡುತ್ತೆ. ಕಾಯಿಯ ಮೇಲೆ ಅದು ಪದರವಾಗಿ ಅಂಟಿಕೊಂಡು ನಿಧಾನವಾಗಿ ತಾಮ್ರದ ಅಯಾನುಗಳನ್ನು ಬಿಡುತ್ತೆ. ಬೀಜಾಣು ಮೊಳೆಯಲು ಹೊರಟರೆ ಆ ತಾಮ್ರ ಅದರ ಕಿಣ್ವಗಳನ್ನು ಕೆಡಿಸುತ್ತೆ. ಹಾಗಾಗಿ ಇದು ರೋಗ ಬಂದ ಮೇಲೆ ವಾಸಿ ಮಾಡುವ ಔಷಧಿಯಲ್ಲ, ಬರುವ ಮೊದಲೇ ಹಾಕುವ ಕವಚ.

ಫ್ರಾನ್ಸಿನ ಮಳೆ ಬೇರೆ, ಆಗುಂಬೆ ಕಡೆಯ ಮಳೆ ಬೇರೆ. ಬರೀ ಮಿಶ್ರಣ ಹೊಡೆದರೆ ಜಡಿಮಳೆಗೆ ತೊಳೆದುಹೋಗುತ್ತೆ. ಕೋಲ್ಮನ್ ಅದಕ್ಕೆ ರಾಳ ಮತ್ತು ಸೋಡಾದಿಂದ ಮಾಡಿದ ಅಂಟು ಸೇರಿಸುವ ಕ್ರಮ ಹೇಳಿಕೊಟ್ಟರು. ಮದ್ದು ಗೊನೆಗೆ ಕಚ್ಚಿಕೊಂಡಿತು. ಹೊರಗಿನಿಂದ ಬಂದ ತಂತ್ರಜ್ಞಾನ ನಮ್ಮ ಮಳೆಗೆ ಹೊಂದಿದ್ದು ಈ ಸಣ್ಣ ಬದಲಾವಣೆಯಿಂದ.

ಇಲ್ಲಿಂದ ಮುಂದಿನ ಅರ್ಧ ಕೆಲಸ ಶುರು. ಗೊನೆಗೆ ನೀಲಿ ನೀರು ಹೊಡೀರಿ ಅಂತ ಪರದೇಶದ ಸಾಹೇಬರು ಹೇಳಿದ ತಕ್ಷಣ ಯಾರು ಒಪ್ತಾರೆ? ಒಂದು ವರ್ಷದ ಬೆಳೆ ಹೋದರೆ ಸಾಲ ತೀರಿಸೋರು ರೈತರೇ ತಾನೇ. ಇಲಾಖೆಯವರು ಬೆಳೆಗಾರರ ತೋಟಗಳಲ್ಲೇ ಸಿಂಪಡಿಸಿ ತೋರಿಸಿದರು. ಹೊಡೆದ ಮರ, ಹೊಡೆಯದ ಮರ ಅಕ್ಕಪಕ್ಕ ನಿಂತಾಗ ಬೇರೆ ಮಾತು ಬೇಕಾಗಲಿಲ್ಲ. ನೂರು ವರ್ಷ ದಾಟಿದರೂ ಅದೇ ಮದ್ದು ಇವತ್ತಿಗೂ ಬಳಕೆಯಲ್ಲಿದೆ.

ತಯಾರಿಯ ಕ್ರಮದಲ್ಲೂ ನಮ್ಮ ಸಿಲಬಸ್ ಇದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಪಾತ್ರೆ ಬಳಸಬಾರದು, ತಾಮ್ರ ಹೋಗಿ ಕಬ್ಬಿಣದ ಮೇಲೆ ಕೂರುತ್ತೆ. ದ್ರಾವಣ ಸರಿಯಾಗಿದೆಯಾ ಅಂತ ನೋಡೋಕೆ ಚೂರಿಯನ್ನೋ ಮೊಳೆಯನ್ನೋ ಅದ್ದಿ ತೆಗೀತಾರೆ. ಕೆಂಪು ಬಣ್ಣ ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಅಂತ, ಸುಣ್ಣ ಸಾಲದು ಅಂತ ಅರ್ಥ. ಮೊದಲ ಸೆಮಿಸ್ಟರಿನ ಎಲೆಕ್ಟ್ರೋಕೆಮಿಸ್ಟ್ರಿಯನ್ನು ತೋಟದ ಕೆಲಸಗಾರರು ಮೊಳೆಯಲ್ಲೇ ಮುಗಿಸ್ತಾರೆ.

ಜೋಳದ ಮಿಡತೆ, ಗಂಧದ ಮರ

ಅಡಿಕೆ ಮಲೆನಾಡಿನ ಮಾತಾಯ್ತು. ಆಗಿನ ಚಿತ್ರದುರ್ಗ ಜಿಲ್ಲೆಯಂಥ ಬಯಲುಸೀಮೆಗೆ ಜೋಳವೇ ಜೀವ. ಜೋಳಕ್ಕೆ ಬೀಳುವ ಒಂದು ಮಿಡತೆಯ ಬಗ್ಗೆಯೂ ಕೋಲ್ಮನ್ ಅಧ್ಯಯನ ಮಾಡಿದರು. ಕುಂಞಿಕಣ್ಣನ್ ಎಂಬ ಕೀಟತಜ್ಞರು ಇದರಲ್ಲಿ ಅವರ ಜೊತೆಗಿದ್ದರು. ವರ್ಷಕ್ಕೆ ಒಂದೇ ಪೀಳಿಗೆ, ಮೊಟ್ಟೆ ಇಡೋದು ಮಣ್ಣಿನಲ್ಲಿ. ಇಂಥ ಕೀಟದ ಜೀವನಚಕ್ರ ತಿಳಿದರೆ ಎಲ್ಲಿ ಹಿಡಿಯಬೇಕು ಅನ್ನೋದೂ ತಿಳಿಯುತ್ತೆ. ಈ ಮಿಡತೆಗೆ 1910ರಲ್ಲಿ ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್ ಇಟ್ಟ ಕುಲನಾಮ ಕೋಲ್ಮೇನಿಯಾ. ಹೀಗೆ ನಮ್ಮ ಜೋಳದ ಹೊಲದ ಒಂದು ಹುಳದ ಹೆಸರಲ್ಲಿ ಅವರು ಉಳಿದಿದ್ದಾರೆ.

ಗಂಧದ ಮರಕ್ಕೆ ಬರುವ ಸ್ಪೈಕ್ ರೋಗದ ವಿಚಾರದಲ್ಲೂ ಅವರದು ಮುಖ್ಯ ಹೆಜ್ಜೆ. ರೋಗದ ಮರದ ಕೊಂಬೆಯನ್ನು ಒಳ್ಳೆ ಗಿಡಕ್ಕೆ ಕಸಿ ಮಾಡಿದರೆ ರೋಗ ದಾಟುತ್ತೆ ಅಂತ 1917ರಲ್ಲಿ ಅವರು ತೋರಿಸಿದರು. ಅಂದರೆ ಅದು ಸೋಂಕು. ರೋಗಕಾರಕ ಕಣ್ಣಿಗೆ ಬಿದ್ದದ್ದು 1969ರಲ್ಲಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೆ. ಅದನ್ನು ಈಗ ಫೈಟೊಪ್ಲಾಸ್ಮಾ ಅಂತೀವಿ. ಉಪಕರಣ ಇಲ್ಲದ ಕಾಲದಲ್ಲಿ ಒಂದು ಕಸಿ ಚಾಕುವಿನಿಂದ ಅಷ್ಟು ದೂರ ಹೋಗಿದ್ದರು.

ಇಲಾಖೆ ಕಟ್ಟಿದವರು

1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರಿಗೆ ಪ್ರತ್ಯೇಕ ಕೃಷಿ ಇಲಾಖೆ ಬಂತು. ಕೋಲ್ಮನ್ ಮೊದಲ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ, ರೈತರನ್ನೇ ಪ್ರಯೋಗದಲ್ಲಿ ಸೇರಿಸಿಕೊಂಡ ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ, 1933ರ ಮಂಡ್ಯದ ಸಕ್ಕರೆ ಕಂಪನಿ, ಇವೆಲ್ಲದರ ಹಿಂದೆ ಅವರ ದುಡಿಮೆ ಇದೆ. ಹಿರಿಯೂರಿನ ಬಬ್ಬೂರು ಫಾರಂ ಕೂಡ ಹಳೆ ಮೈಸೂರು ಕೃಷಿ ಇಲಾಖೆಯ ಪ್ರಯೋಗ ಕ್ಷೇತ್ರಗಳಲ್ಲಿ ಒಂದು. ಈಗ ಅದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ. ಬಸ್ಸಿನಲ್ಲಿ ಹೋಗುವಾಗ ಆ ಬೋರ್ಡನ್ನು ನಮ್ಮಲ್ಲಿ ಎಷ್ಟೋ ಜನ ನೋಡಿರ್ತೀವಿ.

ನಿರ್ದೇಶಕರಾದ ವಿಜ್ಞಾನಿಗೆ ಕಡತದ ಕೆಲಸವೇ ಹೆಚ್ಚಾಗುತ್ತೆ, ಸ್ವಂತ ಸಂಶೋಧನೆ ಹಿಂದೆ ಬೀಳುತ್ತೆ. ಕೋಲ್ಮನ್ ಆ ನಷ್ಟ ಒಪ್ಪಿಕೊಂಡು ಇಲ್ಲಿನವರನ್ನು ತಯಾರು ಮಾಡಿದರು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಮೇಲೆ ಟೊರಾಂಟೊದಲ್ಲಿ ಮತ್ತೆ ಮೈಕ್ರೋಸ್ಕೋಪಿನ ಮುಂದೆ ಕೂತರು. 1943ರಲ್ಲಿ, ಅರವತ್ತೈದರ ಹತ್ತಿರ ಇದ್ದಾಗ, ಅವರು ಬರೆದ ಪ್ರಬಂಧಗಳಲ್ಲಿ ಒಂದು ಮಿಡತೆಗಳ ಕ್ರೋಮೋಸೋಮುಗಳ ಮೇಲೆ. 1954ರಲ್ಲಿ ತೀರಿಕೊಂಡರು.

ನಮ್ಮ ಪಾಲಿನ ಅರ್ಧ

ಈಗ ನಮ್ಮ ಊರುಗಳ ಕಡೆ ನೋಡೋಣ. ಜೋಳ, ರಾಗಿ ಇದ್ದ ಹೊಳಲ್ಕೆರೆ, ಹೊಸದುರ್ಗದ ಹೊಲಗಳಿಗೆ ತೆಂಗಿನ ಜೊತೆ ಅಡಿಕೆ ಬಂದಿದೆ. ಚಿತ್ರದುರ್ಗದ ಪಕ್ಕದ ಭೀಮಸಮುದ್ರ ಅಡಿಕೆಗೆ ಹೆಸರುವಾಸಿ. ಮಲೆನಾಡಿನಷ್ಟು ಮಳೆ ಇಲ್ಲದ್ದರಿಂದ ಕೊಳೆರೋಗದ ಕಾಟ ಕಮ್ಮಿ. ಆದರೆ ಅಡಿಕೆಯ ಜೊತೆ ಬೇರೆ ಪ್ರಶ್ನೆಗಳು ಬಂದಿವೆ, ಮತ್ತು ಇತ್ತೀಚಿನ ಸಂಶೋಧನೆ ಮಾತಾಡ್ತಿರೋದು ಅವುಗಳ ಬಗ್ಗೆಯೇ.

ಮೊದಲನೆಯದು ಜೀವಿಯ ಗುರುತು. ಫೈಟಾಫ್ತೊರ ನಿಜವಾದ ಶಿಲೀಂಧ್ರ ಅಲ್ಲ, ಕಂದು ಪಾಚಿಗಳಿಗೆ ಹತ್ತಿರದ ಬೇರೆಯೇ ಗುಂಪು ಅಂತ ಈಗ ಗೊತ್ತಾಗಿದೆ. ಕರ್ನಾಟಕದ ಕೊಳೆರೋಗದಲ್ಲಿ ಈಗ ಮುಖ್ಯವಾಗಿ ಸಿಗುತ್ತಿರೋದು ಫೈಟಾಫ್ತೊರ ಮೀಡಿಯೈ ಎಂಬ ಪ್ರಭೇದ ಅಂತ ಡಿಎನ್‌ಎ ಪರೀಕ್ಷೆಗಳು ಹೇಳುತ್ತವೆ.

ಎರಡನೆಯದು ತಾಮ್ರ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. 100 ಲೀಟರ್ ದ್ರಾವಣದಲ್ಲಿ ಸುಮಾರು 254 ಗ್ರಾಂ. ತಾಮ್ರ ಒಂದು ಮೂಲಧಾತು, ಕೊಳೆತು ಹೋಗುವ ವಸ್ತುವಲ್ಲ. ಮಳೆಗೆ ತೊಳೆದದ್ದು ಮಣ್ಣು ಸೇರುತ್ತೆ, ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತೆ. ಕೋಲ್ಮನ್ ಓದಿನ ದಿನಗಳಲ್ಲಿ ಅಧ್ಯಯನ ಮಾಡಿದ ಮಣ್ಣಿನ ಬ್ಯಾಕ್ಟೀರಿಯಾಗಳಿಗೂ ತಾಮ್ರ ಜಾಸ್ತಿಯಾದರೆ ಕಷ್ಟವೇ. ಕಮ್ಮಿ ತಾಮ್ರದಲ್ಲಿ ಅದೇ ರಕ್ಷಣೆ ಕೊಡೋದು ಹೇಗೆ ಅನ್ನೋದು ಇವತ್ತಿನ ರಸಾಯನಶಾಸ್ತ್ರದ ಕೆಲಸ.

ಮೂರನೆಯದು ನೀರು. ನಮ್ಮ ಕಡೆ ಅಡಿಕೆ ನಿಂತಿರೋದು ಬೋರ್‌ವೆಲ್ ಮೇಲೆ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇದೆ, ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟುವ ಊರುಗಳಿವೆ. 1933ರಲ್ಲಿ ಕೋಡಿ ಬಿದ್ದ ವಾಣಿ ವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. ಇಂಥ ಸೀಮೆಯಲ್ಲಿ ನೀರು ಬೇಡುವ ಬೆಳೆ ಎಷ್ಟು ದಿನ?

ನಾಲ್ಕನೆಯದು ಹೇಳೋಕೆ ಕಷ್ಟ, ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇಲ್ಲದೆ ಬರೀ ಅಡಿಕೆಯೂ ಬಾಯಿಗೆ ಹಾನಿ ಮಾಡುತ್ತೆ ಅನ್ನೋದು ವೈದ್ಯಕೀಯ ಸಂಶೋಧನೆಯ ತೀರ್ಮಾನ. ಮನೆಯಲ್ಲಿ ಅಡಿಕೆ ದುಡ್ಡಿಂದಲೇ ಫೀಸು ಕಟ್ಟಿಸಿಕೊಂಡು ಓದ್ತಿರೋರು ನಮ್ಮಲ್ಲೇ ಇದ್ದಾರೆ. ಅವರ ಅಪ್ಪ ಅಮ್ಮಂದಿರನ್ನು ಬೈದರೆ ಏನೂ ಆಗಲ್ಲ. ತೋಟ ಉಳಿಸಿಕೊಂಡೇ ಬೇರೆ ಆದಾಯ ಹುಡುಕುವ ದಾರಿಯನ್ನು ಯಾರಾದರೂ ಅವರ ಹೊಲದಲ್ಲೇ ಮಾಡಿ ತೋರಿಸಬೇಕು. ಕೊಳೆರೋಗದ ಕಾಲದಲ್ಲಿ ಆದದ್ದೂ ಅದೇ ಅಲ್ವಾ?

ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋ ಗೆಳೆಯರೇ, ಇಲ್ಲಿ ನಾಲ್ಕಿವೆ. ಮಣ್ಣಿನ ತಾಮ್ರ ಅಳೆಯುವ ಅಗ್ಗದ ಸೆನ್ಸರ್ ಇರಬಹುದು, ಮನೆಮಟ್ಟದ ಫ್ಲೋರೈಡ್ ಫಿಲ್ಟರ್ ಇರಬಹುದು, ಅಡಿಕೆ ಸಿಪ್ಪೆ ಅಥವಾ ಹಾಳೆಯಿಂದ ಮಾಡುವ ವಸ್ತು ಇರಬಹುದು. ಮಾಡಿದ್ದನ್ನು ವೈವಾ ಮುಗಿದ ಮೇಲೆ ಕಪಾಟಿಗೆ ಹಾಕದೆ, ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಒಬ್ಬ ರೈತರ ತೋಟದಲ್ಲಿ ಒಂದು ಮಳೆಗಾಲ ಇಟ್ಟು ನೋಡಿ. ಕೆಲಸ ಮಾಡುತ್ತೋ ಇಲ್ಲವೋ ಅವರೇ ಹೇಳ್ತಾರೆ.