ಸಂಖ್ಯೆಗಳ ಲೆಕ್ಕ ಇಟ್ಟ ಜಾನ್ ಪೋಸ್ಟೆಲ್

ಲ್ಯಾಬ್‌ನ ಕಂಪ್ಯೂಟರಿನಲ್ಲೋ ಮನೆಯ ವೈಫೈಯಲ್ಲೋ 192.168 ಎಂದು ಶುರುವಾಗುವ ವಿಳಾಸವನ್ನು ನಮ್ಮಲ್ಲಿ ಹಲವರು ನೋಡಿರುತ್ತೇವೆ. ಅದೇ ವಿಳಾಸ ಪಕ್ಕದ ಮನೆಯಲ್ಲೂ ಇರಬಹುದು, ಬ್ರೆಜಿಲ್‌ನಲ್ಲೂ ಇರಬಹುದು. ಆದರೂ ಗೊಂದಲವಾಗುವುದಿಲ್ಲ. ಈ ಏರ್ಪಾಟು ಬಂದಾಗ ಇಂಟರ್‌ನೆಟ್ ಸಂಖ್ಯೆಗಳ ಹೊಣೆ ಹೊತ್ತಿದ್ದವರು ಜಾನ್ ಪೋಸ್ಟೆಲ್. ವಾಣಿಜ್ಯ ವಿದ್ಯಾರ್ಥಿನಿಯಾದ ನನಗೆ ಅವರು ಎಂಜಿನಿಯರ್‌ಗಿಂತ ಹೆಚ್ಚಾಗಿ ಒಬ್ಬ ಒಳ್ಳೆಯ ಲೆಕ್ಕಿಗರಂತೆ ಕಾಣುತ್ತಾರೆ.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ, ಇಂಟರ್‌ನೆಟ್‌ಗೆ ಮೂಲವಾದ ಅರ್ಪಾನೆಟ್ ಜಾಲದ ಕೆಲಸಕ್ಕೆ ಸೇರಿದರು. 1974ರಲ್ಲಿ ಪಿಎಚ್‌ಡಿ ಪಡೆದರು. ಉದ್ದ ಗಡ್ಡ, ಕಾಲಿಗೆ ಚಪ್ಪಲಿ. ನೋಡಿದರೆ ದೊಡ್ಡ ಅಧಿಕಾರಿ ಅನ್ನಿಸುತ್ತಿರಲಿಲ್ಲ. ಜಾಲದ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಕೊನೆಯವರೆಗೂ ಅವರೇ ಸಂಪಾದಕರು. ಯಾವ ಸಂಖ್ಯೆ ಯಾರಿಗೆ ಎಂಬ ಪಟ್ಟಿಯೂ ಅವರ ಬಳಿಯೇ. ಒಂದೇ ಸಂಖ್ಯೆ ಇಬ್ಬರಿಗೆ ಹೋಗಬಾರದು, ಅಷ್ಟೇ ನಿಯಮ.

ಆದರೆ ವಿಳಾಸಗಳು ಇದ್ದದ್ದು ಸುಮಾರು 429 ಕೋಟಿ ಮಾತ್ರ. 1990ರ ದಶಕದಲ್ಲಿ ಅವು ಮುಗಿದುಹೋಗುವ ಭಯ ಶುರುವಾಯಿತು. ಕಂಪನಿಯ ಒಳಗೇ ಮಾತಾಡಿಕೊಳ್ಳುವ ಯಂತ್ರಗಳಿಗೆ ಜಗತ್ತಿನಲ್ಲೇ ಬೇರೆಲ್ಲೂ ಇಲ್ಲದ ವಿಳಾಸ ಏಕೆ ಬೇಕು? ಕ್ರೈಸ್ಲರ್ ಕಾರು ಕಂಪನಿಯವರೊಬ್ಬರೂ ಸೇರಿ ನಾಲ್ವರು 1994ರಲ್ಲಿ ಈ ವಾದ ಮುಂದಿಟ್ಟರು. ಪೋಸ್ಟೆಲ್ ಅವರ ಕಚೇರಿ ಮೂರು ಗುಂಪುಗಳನ್ನು ಎತ್ತಿಟ್ಟಿತು. ದೊಡ್ಡದು 10ರಿಂದ ಶುರುವಾಗುವುದು. ಅದರಲ್ಲಿ 1,67,77,216 ವಿಳಾಸಗಳು. ಆ 10 ಹಿಂದೆ ಅರ್ಪಾನೆಟ್‌ನದೇ ಸಂಖ್ಯೆ. 1990ರಲ್ಲಿ ಅರ್ಪಾನೆಟ್ ಮುಚ್ಚಿದ ಮೇಲೆ ಅದು ಖಾಲಿ ಬಿದ್ದಿತ್ತು. ಇನ್ನೆರಡು 172.16 ಮತ್ತು 192.168ರಿಂದ ಶುರುವಾಗುವವು. ಯಾರು ಬೇಕಾದರೂ ಕೇಳದೆ ಬಳಸಬಹುದು. ಆದರೆ ಈ ವಿಳಾಸಗಳು ತಮ್ಮ ಜಾಲದ ಹೊರಗೆ ಹೋಗಬಾರದು.

ಕನ್ನಡದಲ್ಲಿ ಅಮಾನತ್ತು ಎಂದರೆ ಕೆಲಸದಿಂದ ತಡೆದಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ಈ ಸಂಖ್ಯೆಗಳಿಗೆ ಎರಡು ಅರ್ಥವೂ ಹೊಂದುತ್ತದೆ.

ಅದೇ ವರ್ಷ ಬೇರೆ ನಾಲ್ವರು ಇದು ಹಾನಿಕರ ಎಂದು ಬರೆದರು. ಎರಡು ಕಂಪನಿಗಳು ವಿಲೀನವಾದರೆ? ಎರಡರಲ್ಲೂ ಅದೇ 10ರ ವಿಳಾಸಗಳಿದ್ದರೆ ಒಂದು ಕಡೆ ಎಲ್ಲವನ್ನೂ ಬದಲಿಸಬೇಕು. ಒಂದೇ ಖಾತೆ ಸಂಖ್ಯೆಯ ಎರಡು ಲೆಡ್ಜರ್‌ಗಳನ್ನು ಒಂದು ಮಾಡಿದಂತೆ. ಪೋಸ್ಟೆಲ್ ಸಂಪಾದಿಸುತ್ತಿದ್ದ ದಾಖಲೆಗಳಲ್ಲೇ ಈ ಆಕ್ಷೇಪವೂ ಪ್ರಕಟವಾಯಿತು. ನನಗೆ ಅವರಲ್ಲಿ ಹೆಚ್ಚು ಇಷ್ಟವಾದದ್ದು ಇದೇ. 1996ರಲ್ಲಿ ನಿಯಮವನ್ನು ತಿದ್ದಿ ಬರೆದಾಗ ಆಕ್ಷೇಪಿಸಿದವರಲ್ಲಿ ಒಬ್ಬರು ಐದನೆಯ ಲೇಖಕರಾಗಿ ಸೇರಿಕೊಂಡರು!

ಒಬ್ಬರ ಕೈಯಲ್ಲೇ ಇಷ್ಟೆಲ್ಲ ಇದ್ದದ್ದು ಸರಿಯೇ? 1998ರ ಜನವರಿಯಲ್ಲಿ ಅವರ ಒಂದು ಇಮೇಲ್‌ಗೆ, ಇಂಟರ್‌ನೆಟ್ ಹೆಸರುಗಳ ಎಂಟು ಮೂಲ ಸರ್ವರ್‌ಗಳ ನಿರ್ವಾಹಕರು ಅಮೆರಿಕ ಸರ್ಕಾರದ ಗುತ್ತಿಗೆ ಕಂಪನಿಯನ್ನು ಬಿಟ್ಟು ಅವರ ಕಡೆ ತಿರುಗಿದರು. ಅದು ಪರೀಕ್ಷೆ ಎಂದರು ಪೋಸ್ಟೆಲ್. ಸರ್ಕಾರ ಒಪ್ಪಲಿಲ್ಲ, ಅವರು ಹಿಂದೆ ಸರಿದರು. ಇಲ್ಲಿ ಮಾತ್ರ ನಾನು ಸರ್ಕಾರದ ಪರ. ಸೆಪ್ಟೆಂಬರ್‌ನಲ್ಲಿ ಈ ಕೆಲಸಕ್ಕೆಂದೇ ಐಕಾನ್ ಎಂಬ ಸಂಸ್ಥೆ ಹುಟ್ಟಿತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಪೋಸ್ಟೆಲ್ ತೀರಿಕೊಂಡರು. ವಯಸ್ಸು 55.

ವಿಲೀನದ ತೊಡಕಿಗೆ ಉತ್ತರ ಸಿಕ್ಕಿದ್ದು 2005ರಲ್ಲಿ, ಹೊಸ ಮಾದರಿಯ ಉದ್ದನೆಯ ವಿಳಾಸಗಳಲ್ಲಿ. ಅಲ್ಲಿ ಪ್ರತಿ ಖಾಸಗಿ ಜಾಲವೂ ಸುಮಾರು 1.1 ಲಕ್ಷ ಕೋಟಿ ಸಂಖ್ಯೆಗಳಿಂದ ಒಂದನ್ನು ಚೀಟಿ ಎತ್ತಿದ ಹಾಗೆ ತಾನೇ ಆರಿಸಿಕೊಳ್ಳುತ್ತದೆ. ಎರಡು ಕಂಪನಿಗಳಿಗೆ ಅದೇ ಚೀಟಿ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಪಟ್ಟಿ ಹಿಡಿದು ಕೂರುವವರೂ ಬೇಕಿಲ್ಲ.