ಮೈಸೂರು ಅರಮನೆ ಕಟ್ಟಿದ ಇರ್ವಿನ್: ಬಳ್ಳಾರಿಗೂ ಇತ್ತು ನಂಟು

ಬಳ್ಳಾರಿ: ದಸರಾ ರಜೆಗೆ ಮೈಸೂರಿಗೆ ಹೋಗಿ ಅರಮನೆ ಮುಂದೆ ಫೋಟೊ ತೆಗೆಸಿಕೊಂಡು ಬಂದವರು ಬಳ್ಳಾರಿ, ಸಿರುಗುಪ್ಪ, ಕುರುಗೋಡಲ್ಲಿ ಓಣಿಗೆ ಹತ್ತು ಜನ ಸಿಗ್ತಾರೆ. ಆ ಅರಮನೆಯ ನಕ್ಷೆ ಹಾಕಿದವರು ಯಾರು ಅಂತ ಕೇಳಿದರೆ ಹೇಳುವವರು ಕಮ್ಮಿ. ಅವರ ಹೆಸರು ಹೆನ್ರಿ ಇರ್ವಿನ್.

1841ರಲ್ಲಿ ಹುಟ್ಟಿದ ಇರ್ವಿನ್, ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವರು. ಮೊದಲು ಹೆಸರು ತಂದುಕೊಟ್ಟಿದ್ದು ಶಿಮ್ಲಾದ ವೈಸ್‌ರಾಯ್ ನಿವಾಸ. 1888ರಲ್ಲಿ ಲಾರ್ಡ್ ಡಫರಿನ್ ಅಲ್ಲಿಗೆ ವಾಸಕ್ಕೆ ಬಂದಾಗ ಮನೆಯೊಳಗೆ ವಿದ್ಯುತ್ ದೀಪವಿತ್ತು. ಆ ಕಾಲಕ್ಕೆ ಅದು ಅಪರೂಪ.

ಮುಂದೆ ಅವರು ಮದ್ರಾಸ್ ಸರ್ಕಾರದ ವಾಸ್ತುಶಿಲ್ಪಿಯಾದರು. ನಮ್ಮ ಜಿಲ್ಲೆಯೂ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು. ಬ್ರಾಸಿಂಗ್ಟನ್ ಶುರು ಮಾಡಿದ್ದ ಹೈಕೋರ್ಟ್ ನಕ್ಷೆಯನ್ನು ಇರ್ವಿನ್ ಪೂರ್ತಿ ಮಾಡಿದರು. ಕೆಂಪು ಕಟ್ಟಡ 1892ರಲ್ಲಿ ತೆರೆಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಈ ಕಡೆಯ ಹೊಲ, ಅಂಗಡಿ, ಆಸ್ತಿ ವ್ಯಾಜ್ಯಗಳು ಹೈಕೋರ್ಟಿಗೆ ಹೋದರೆ ಅದೇ ಕಟ್ಟಡದ ಮೆಟ್ಟಿಲು ಹತ್ತಬೇಕಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ಹಿರಿಯರು. ಮೈಸೂರಿನ ರಾಜಮನೆತನಕ್ಕೆ ಎರಡೂ ಒಟ್ಟಿಗೇ ಬಂದವು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿ ಅವರ ಮದುವೆ ಸಂದರ್ಭದಲ್ಲೇ ಮರದ ಹಳೇ ಅರಮನೆಗೆ ಬೆಂಕಿ ಬಿತ್ತು. ಮಹಾರಾಜ ಚಾಮರಾಜೇಂದ್ರ ಒಡೆಯರ್ ತೀರಿಕೊಂಡು ಇನ್ನೂ ಮೂರು ವರ್ಷ ಆಗಿರಲಿಲ್ಲ. ಮಗ ನಾಲ್ವಡಿ ಕೃಷ್ಣರಾಜರು ಚಿಕ್ಕವರು. ರಾಜ್ಯಭಾರ ಹೊತ್ತಿದ್ದ ತಾಯಿ ಕೆಂಪನಂಜಮ್ಮಣ್ಣಿ ಹೊಸ ಅರಮನೆಯ ಕೆಲಸವನ್ನು ಇರ್ವಿನ್‌ಗೆ ವಹಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೆಲಸ ಶುರುವಾಯಿತು.

ಸುಟ್ಟ ಜಾಗದಲ್ಲೇ ಕಟ್ಟಬೇಕು, ಮತ್ತೆ ಸುಡಬಾರದು. ಇರ್ವಿನ್ ಕಲ್ಲು, ಇಟ್ಟಿಗೆ, ಕಬ್ಬಿಣ ಹಿಡಿದರು. ಕಲ್ಯಾಣ ಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಗುಮ್ಮಟ, ಕಮಾನುಗಳಲ್ಲಿ ಹಿಂದೂ, ಮುಸ್ಲಿಂ, ರಜಪೂತ, ಯುರೋಪಿನ ಶೈಲಿಗಳು ಬೆರೆತವು. ಸ್ಥಳದಲ್ಲಿ ನಿಂತು ಕೆಲಸ ನೋಡಿಕೊಂಡವರು ಎಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು. 1912ರಲ್ಲಿ ಕೆಲಸ ಮುಗಿದಾಗ ಆದ ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ಮದುವೆ ವರ್ಷ ಹುಟ್ಟಿದ ಕೂಸು ಅಷ್ಟೊತ್ತಿಗೆ ಹದಿನೈದು ವರ್ಷದ್ದಾಗಿತ್ತು.

ಇರ್ವಿನ್ 1922ರಲ್ಲಿ ತೀರಿಕೊಂಡರು. ಅರಮನೆಗೆ ಇವತ್ತು ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಹಾಕಿ ಬೆಳಗಿಸ್ತಾರೆ. ಜನ ನೋಡೋದು ಆ ಬೆಳಕನ್ನ. ಅದರ ಹಿಂದಿನ ಗೋಡೆ, ಕಂಬಗಳನ್ನು ಇರ್ವಿನ್ ಬೆಂಕಿಗೆ ಹೆದರಿಯೇ ಕಟ್ಟಿದ್ದು. ಮೇಲೆ ಮನೆ, ಕೆಳಗೆ ಅಂಗಡಿ ಅಂತ ಕಟ್ಟಿಸೋರು ಎಲಿವೇಶನ್‌ಗೆ ದುಡ್ಡು ಸುರಿಯುವ ಮುಂಚೆ ವೈರಿಂಗ್ ಎಂಥದ್ದು, ಹೊರಗೆ ಓಡೋಕೆ ಇನ್ನೊಂದು ಬಾಗಿಲು ಇದೆಯಾ ಅಂತ ಮೇಸ್ತ್ರಿಯನ್ನ ಕೇಳಿಕೊಳ್ಳಬಹುದು.