ರೋಗನಿದಾನ ಮತ್ತು ರಂಗಭೂಮಿ: ಚೆಕಾಫನ ವೈದ್ಯಜೀವನ

ಆಂಟನ್ ಚೆಕಾಫನ (1860–1904) ನಾಟಕಗಳನ್ನು ಕುರಿತ ಚರ್ಚೆಗಳಲ್ಲಿ ಅವನು ವೈದ್ಯನಾಗಿದ್ದನೆಂಬ ಸಂಗತಿ ಪರಿಚಯದ ಒಂದು ಸಾಲಾಗಿ ಬಂದು ಮರೆಯಾಗುವುದೇ ಹೆಚ್ಚು. ವೈದ್ಯವೃತ್ತಿಯನ್ನು ಧರ್ಮಪತ್ನಿಗೂ ಸಾಹಿತ್ಯವನ್ನು ಪ್ರೇಯಸಿಗೂ ಹೋಲಿಸಿದ ಅವನ ವಿನೋದವೇ ಇದಕ್ಕೆ ಕಾರಣವಿರಬೇಕು. ಆ ರೂಪಕ ಎರಡು ಮನೆಗಳ ನಡುವಣ ಗೋಡೆಯನ್ನು ಇರುವುದಕ್ಕಿಂತ ದಪ್ಪವಾಗಿಸಿದೆ. ಅವನ ರಂಗಭೂಮಿ ವೈದ್ಯಶಾಸ್ತ್ರದಿಂದ ಪಡೆದದ್ದು ರೋಗಗಳ ಅರಿವನ್ನಲ್ಲ. ವಾಸಿಮಾಡಲಾಗದ್ದರ ಎದುರು ಕುಳಿತು ಕೇಳಿಸಿಕೊಳ್ಳುವ ಶಿಸ್ತನ್ನು.

ಚೆಕಾಫ್ ಹುಟ್ಟಿದ್ದು ಅಜೋವ್ ಸಮುದ್ರತೀರದ ತಾಗನ್‌ರೋಗ್ ಪಟ್ಟಣದಲ್ಲಿ. ಅಜ್ಜ ಹಣ ತೆತ್ತು ಜೀತದಿಂದ ಬಿಡುಗಡೆ ಪಡೆದವನು. ಕಿರಾಣಿ ಅಂಗಡಿ ನಡೆಸುತ್ತಿದ್ದ ತಂದೆ 1876ರಲ್ಲಿ ದಿವಾಳಿಯಾಗಿ ಊರು ಬಿಟ್ಟನು. 1879ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವನ್ನು ಸೇರಿದ ಚೆಕಾಫ್, ಪತ್ರಿಕೆಗಳಿಗೆ ನಗೆಬರಹಗಳನ್ನು ಬರೆದು ಕುಟುಂಬವನ್ನು ಸಾಕುತ್ತಲೇ 1884ರಲ್ಲಿ ಪದವಿ ಪಡೆದನು. ಅವನ ಅಧ್ಯಾಪಕರಲ್ಲಿ ಗ್ರಿಗೋರಿ ಜಖಾರಿನ್ ಮುಖ್ಯನಾದವನು. ರೋಗಕ್ಕಿಂತ ರೋಗಿಯನ್ನು ಮೊದಲು ಅರಿಯಬೇಕು, ಅವನ ಮನೆ, ಊಟ, ನಿದ್ರೆ, ಅಭ್ಯಾಸಗಳನ್ನು ತಾಳ್ಮೆಯಿಂದ ವಿಚಾರಿಸಬೇಕು ಎಂಬುದು ಜಖಾರಿನ್‌ನ ಪದ್ಧತಿ. ಚೆಕಾಫನ ಪಾತ್ರಗಳು ಚಹಾ, ಹವೆ, ತಲೆನೋವು, ಸಾಲಗಳ ಬಗೆಗೆ ಆಡುವ ಅಸಂಗತವೆನಿಸುವ ಮಾತುಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕಾಗಿದೆ. ಅವು ಪ್ರೇಕ್ಷಕನ ಮುಂದೆ ತೆರೆದುಕೊಳ್ಳುವ ರೋಗವೃತ್ತಾಂತಗಳೇ ಸರಿ.

ಪದವಿ ಪಡೆದ ವರ್ಷದ ಕೊನೆಯಲ್ಲೇ ಅವನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಅದರ ಅರ್ಥ ತಿಳಿಯದಷ್ಟು ಅನನುಭವಿ ಅವನಾಗಿರಲಿಲ್ಲ. ಆದರೂ ಮುಂದಿನ ಹನ್ನೆರಡು ವರ್ಷ ಸರಿಯಾದ ಪರೀಕ್ಷೆಗೆ ತನ್ನನ್ನು ಒಪ್ಪಿಸಿಕೊಳ್ಳಲಿಲ್ಲ. 1889ರಲ್ಲಿ ಅಣ್ಣ ನಿಕೊಲಾಯ್ ಕ್ಷಯದಿಂದ ತೀರಿಕೊಂಡನು. ಮರುವರ್ಷ ಚೆಕಾಫ್ ಸೈಬೀರಿಯಾವನ್ನು ದಾಟಿ ಸಖಾಲಿನ್ ದ್ವೀಪದ ಕೈದಿಗಳ ವಸಾಹತಿಗೆ ಹೋಗಿ, ಸುಮಾರು 10,000 ಚೀಟಿಗಳಲ್ಲಿ ಅಲ್ಲಿನವರ ಗಣತಿ ಮಾಡಿದನು. 1892ರ ಕಾಲರಾ ಭೀತಿಯಲ್ಲಿ ಮೆಲಿಖೊವೊ ಸುತ್ತಲಿನ 25 ಹಳ್ಳಿಗಳು, 4 ಕಾರ್ಖಾನೆಗಳು, ಒಂದು ಮಠದ ಹೊಣೆಯನ್ನು ಸಂಬಳವಿಲ್ಲದೆ ಹೊತ್ತನು.

ಅವನ ನಾಟಕಗಳಲ್ಲಿ ವೈದ್ಯರು ಮತ್ತೆ ಮತ್ತೆ ಬರುತ್ತಾರೆ. ರಂಗದ ಮೇಲೆ ಯಾರನ್ನೂ ಗುಣಪಡಿಸುವುದಿಲ್ಲ. ‘ಇವಾನೊವ್’ (1887) ನಾಟಕದ ಲ್ವೊವ್ ಪ್ರಾಮಾಣಿಕ, ಆದರೆ ಮನುಷ್ಯನನ್ನು ನೋಡುವ ಮೊದಲೇ ತೀರ್ಪು ಕೊಡುವವನು. ಜಖಾರಿನ್‌ನ ಪಾಠವನ್ನು ಕಲಿಯದ ವೈದ್ಯ. ‘ಸೀಗಲ್’ ನಾಟಕದ ಡಾರ್ನ್ ಮುದುಕ ಸೋರಿನ್‌ನ ದೂರುಗಳಿಗೆ ನಿರುಪದ್ರವಿ ಹನಿಮದ್ದನ್ನು ಸೂಚಿಸಿ ಸುಮ್ಮನಾಗುತ್ತಾನೆ. ಕೊನೆಗೆ ನೇಪಥ್ಯದಲ್ಲಿ ಗುಂಡಿನ ಸದ್ದಾದಾಗ, ತನ್ನ ಔಷಧದ ಪೆಟ್ಟಿಗೆಯಲ್ಲಿ ಈಥರ್ ಸೀಸೆ ಒಡೆಯಿತೆಂದು ತಾಯಿಯನ್ನು ನಂಬಿಸುವವನೂ ಅವನೇ. ವೈದ್ಯನ ಪೆಟ್ಟಿಗೆ ಇಲ್ಲಿ ಉಪಯೋಗಕ್ಕೆ ಬರುವುದು ಒಂದು ಸುಳ್ಳಿಗಾಗಿ, ಕರುಣೆಯ ಸುಳ್ಳಿಗಾಗಿ. ‘ಅಂಕಲ್ ವಾನ್ಯಾ’ದ ಆಸ್ತ್ರೊವ್‌ನನ್ನು ಕ್ಲೋರೊಫಾರಂ ಕೊಟ್ಟಾಗಲೇ ಸತ್ತ ರೈಲ್ವೆ ನೌಕರನ ನೆನಪು ಕಾಡುತ್ತದೆ. ಅವನು ಜಿಲ್ಲೆಯ ಕಾಡು ಐವತ್ತು ವರ್ಷಗಳಲ್ಲಿ ಕರಗಿದ ಬಗೆಯನ್ನು ಮೂರು ನಕ್ಷೆಗಳಲ್ಲಿ ಬಣ್ಣ ಹಚ್ಚಿ ತೋರಿಸುವ ದೃಶ್ಯ ವಿಶೇಷ ಗಮನಕ್ಕೆ ಅರ್ಹವಾದುದು. ಒಂದು ಪ್ರದೇಶದ ಕ್ಷಯವನ್ನು ಹಂತಹಂತವಾಗಿ ದಾಖಲಿಸಿದ ರೋಗಪತ್ರಿಕೆಯದು, ಸಖಾಲಿನ್‌ನ ಗಣತಿದಾರನಿಗಲ್ಲದೆ ಬೇರೆಯವರಿಗೆ ಸುಲಭವಾಗಿ ಹೊಳೆಯುವಂಥದಲ್ಲ. ಎದುರಿಗಿರುವ ಯೆಲೆನಾಳ ಮನಸ್ಸು ಮಾತ್ರ ನಕ್ಷೆಯಲ್ಲಿಲ್ಲ. ‘ತ್ರೀ ಸಿಸ್ಟರ್ಸ್’ನ ಚೆಬುತಿಕಿನ್ ಕಲಿತದ್ದನ್ನೆಲ್ಲ ಮರೆತ ಸೇನಾವೈದ್ಯ. ತನ್ನ ತಪ್ಪಿನಿಂದ ಸತ್ತ ಹೆಂಗಸನ್ನು ನೆನೆದು ಕುಡಿದ ಅಮಲಿನಲ್ಲಿ ಕೈತೊಳೆಯುವ ಅವನ ದೃಶ್ಯದಷ್ಟು ನಿರ್ದಾಕ್ಷಿಣ್ಯವಾದ ವೃತ್ತಿವಿಮರ್ಶೆಯನ್ನು ವೈದ್ಯನಲ್ಲದ ನಾಟಕಕಾರ ಬರೆಯಲಾರನು. ಮೋಲಿಯರ್ ವೈದ್ಯರನ್ನು ಹೊರಗೆ ನಿಂತು ಗೇಲಿಮಾಡಿದನು, ಚೆಕಾಫ್ ಒಳಗಿನವನು.

1896ರ ಅಕ್ಟೋಬರಿನಲ್ಲಿ ಪೀಟರ್ಸ್‌ಬರ್ಗ್‌ನ ಅಲೆಕ್ಸಾಂಡ್ರಿನ್‌ಸ್ಕಿ ರಂಗಮಂದಿರದಲ್ಲಿ ‘ಸೀಗಲ್’ ಸೋತಿತು. 1897ರ ಮಾರ್ಚಿಯಲ್ಲಿ ಮಾಸ್ಕೋದ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಾಗ ಚೆಕಾಫನ ಬಾಯಿಂದ ರಕ್ತ ಧಾರೆಯಾಗಿ ಹರಿಯಿತು. ಕ್ಷಯವೆಂದು ಈಗ ಬೇರೆ ವೈದ್ಯರು ಹೇಳಿದರು; ದಕ್ಷಿಣದ ಬೆಚ್ಚನೆಯ ಹವೆಯನ್ನು ವಿಧಿಸಿದರು. ಇಲ್ಲಿಂದ ವೈದ್ಯಶಾಸ್ತ್ರ ಮತ್ತು ರಂಗಭೂಮಿ ಅವನ ಬದುಕಿನಲ್ಲಿ ಎದುರುಬದುರಾದವು. 1898ರ ಡಿಸೆಂಬರಿನಲ್ಲಿ ಸ್ಟಾನಿಸ್ಲಾವ್‌ಸ್ಕಿ ಮತ್ತು ನೆಮಿರೊವಿಚ್-ದಾನ್ಚೆಂಕೊ ಅವರ ಮಾಸ್ಕೋ ಆರ್ಟ್ ಥಿಯೇಟರ್ ‘ಸೀಗಲ್’ ನಾಟಕವನ್ನು ಗೆಲ್ಲಿಸಿದಾಗ ನಾಟಕಕಾರ ಯಾಲ್ಟಾದಲ್ಲಿದ್ದನು. ರೋಗಿ ರಂಗಮಂದಿರಕ್ಕೆ ಬರಲಾರದಾದಾಗ 1900ರಲ್ಲಿ ರಂಗತಂಡವೇ ಕ್ರೈಮಿಯಾಕ್ಕೆ ಹೋಗಿ ಅವನ ನಾಟಕಗಳನ್ನು ಆಡಿತು. 1901ರಲ್ಲಿ ಅವನನ್ನು ವಿವಾಹವಾದ ನಟಿ ಓಲ್ಗಾ ನಿಪ್ಪರ್‌ಳಿಗೆ ರಂಗಕಾಲವೆಲ್ಲ ಮಾಸ್ಕೋದಲ್ಲೇ ಕಳೆಯಬೇಕಿತ್ತು. ಆ ದಾಂಪತ್ಯ ಬಹುಮಟ್ಟಿಗೆ ಪತ್ರಗಳಲ್ಲೇ ನಡೆಯಿತು.

‘ಚೆರಿ ಆರ್ಚರ್ಡ್’ನ ಪಾತ್ರಪಟ್ಟಿಯಲ್ಲಿ ವೈದ್ಯನಿಲ್ಲ. ಅದನ್ನು ಬರೆಯುವ ಹೊತ್ತಿಗೆ ಚೆಕಾಫ್ ಪೂರ್ತಿಯಾಗಿ ರೋಗಿಯಾಗಿದ್ದನೆಂಬುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಊಹೆಯಾದರೂ ನಿರಾಧಾರವಾದ ಊಹೆಯಲ್ಲ. 1904ರ ಜನವರಿಯ ಮೊದಲ ಪ್ರದರ್ಶನದಂದು, ಅವನ ಹುಟ್ಟುಹಬ್ಬದ ದಿನ, ಕೆಮ್ಮುತ್ತಿದ್ದ ಅವನನ್ನು ರಂಗದ ಮೇಲೆ ನಿಲ್ಲಿಸಿ ಸನ್ಮಾನ ಭಾಷಣಗಳನ್ನು ಮಾಡಲಾಯಿತು. ಅದೇ ಜುಲೈಯಲ್ಲಿ ಜರ್ಮನಿಯ ಬಾಡೆನ್‌ವೈಲರ್‌ನ ಹೋಟೆಲ್ ಕೋಣೆಯಲ್ಲಿ, ನಡುರಾತ್ರಿ ಬಂದ ವೈದ್ಯನಿಗೆ ತಾನು ಸಾಯುತ್ತಿರುವುದಾಗಿ ಚೆಕಾಫನೇ ಜರ್ಮನ್ ಭಾಷೆಯಲ್ಲಿ ತಿಳಿಸಿದನು. ವೈದ್ಯ ಶಾಂಪೇನ್ ತರಿಸಿದನು. ಅದನ್ನು ಕುಡಿದು ಮಗ್ಗುಲಾಗಿ ಮಲಗಿದ ಚೆಕಾಫ್ ಮತ್ತೆ ಏಳಲಿಲ್ಲ.